ಅನ್ಯಭಾಷೆಯ ಮಗುವೂ ಉಪಾಧ್ಯಾಯನ ಧರ್ಮವೂ

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ಕುಳಿತಿದ್ದಾಗ, ಪರಿಚಿತರಾದ ಒಬ್ಬ ತರುಣ ಉಪಾಧ್ಯಾಯರು ಬಂದು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರಿಗೆ ಮುಳಬಾಗಿಲು ತಾಲ್ಲೂಕಿನ ಗಡಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ನೇಮಕವಾಗಿದೆ. ಊರಿನವರ ಮನೆಮಾತು ತೆಲುಗು. ಶಾಲೆಯ ಮಾತು ಕನ್ನಡ. ಅವರಿಗಾದರೋ ತೆಲುಗು ಬಾರದು. ‘ಸರ್ಕಾರವು ನನಗೆ ವೇತನ ಕೊಡುವುದು ಕನ್ನಡವನ್ನು ಕಲಿಸುವುದಕ್ಕೆ. ಮಕ್ಕಳ ತೆಲುಗನ್ನು ನಾನು ಕಲಿತರೆ ಅದು ನನ್ನ ಔದಾರ್ಯವೆನಿಸೀತು. ಕಲಿಯದಿದ್ದರೆ ಅದರಲ್ಲಿ ನನ್ನ ತಪ್ಪೇನು?’ ಎಂಬುದು ಅವರ ಪ್ರಶ್ನೆ. ಅವರು ಕುಚೋದ್ಯಕ್ಕಾಗಿ ಕೇಳಿದವರಲ್ಲ. ಸಜ್ಜನರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ನಾನು ಆ ಹೊತ್ತಿಗೆ ತೋಚಿದ ನಾಲ್ಕು ಮಾತು ಹೇಳಿ ಕಳುಹಿಸಿದೆನು. ಆದರೆ ಪ್ರಶ್ನೆ ಮನಸ್ಸಿನಲ್ಲಿಯೇ ನಿಂತುಬಿಟ್ಟಿತು. ಏಕೆಂದರೆ, ನಲವತ್ತು ವರುಷಗಳ ಹಿಂದೆ ನಾನು ಆ ಪ್ರಶ್ನೆಯನ್ನು ಕೇಳಿಕೊಳ್ಳುವ ಗೋಜಿಗೇ ಹೋಗದೆ, ಅದಕ್ಕೆ ನನ್ನ ನಡತೆಯಿಂದ ಒಂದು ಉತ್ತರವನ್ನು ಕೊಟ್ಟುಬಿಟ್ಟಿದ್ದೆನು. ಆ ಉತ್ತರ ತಪ್ಪಾಗಿತ್ತು.

ಮೊದಲು ನನ್ನ ವಿದ್ಯಾಭ್ಯಾಸದ ವಿಷಯವಾಗಿ ಎರಡು ಮಾತು ಹೇಳಬೇಕು. ನಾನು ಓದಿದ್ದು ಘಟ್ಟದ ಸೀಮೆಯ ಒಂದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ನಮ್ಮ ಜೊತೆಯಲ್ಲಿ ಹವ್ಯಕರ ಹುಡುಗರಿದ್ದರು, ತುಳು ಮಾತನಾಡುವವರಿದ್ದರು, ತಮಿಳರಿದ್ದರು. ಪಾಠ ಸಂಸ್ಕೃತದ್ದಾದರೂ ಗುರುಗಳು ಅರ್ಥವನ್ನು ವಿವರಿಸುವಾಗ ಕನ್ನಡಕ್ಕೆ ಬರುತ್ತಿದ್ದರು. ತಮಿಳಿನ ಹುಡುಗನ ಮುಖ ನೋಡಿ ನಡುವೆ ಒಂದೆರಡು ತಮಿಳು ಮಾತನ್ನೂ ಸೇರಿಸುತ್ತಿದ್ದರು. ಇದು ವಿಶೇಷವೆಂದು ನಮಗೆ ಯಾರಿಗೂ ತೋರಿರಲಿಲ್ಲ. ಈಗ ಯೋಚಿಸಿದರೆ ಅದರ ಮರ್ಮ ಕಾಣುತ್ತದೆ. ಸಂಸ್ಕೃತವು ನಮ್ಮಲ್ಲಿ ಯಾರ ತಾಯಿಯ ಮಾತೂ ಆಗಿರಲಿಲ್ಲ. ಗುರುಗಳಿಂದ ಹಿಡಿದು ಕಟ್ಟಕಡೆಯ ಶಿಷ್ಯನವರೆಗೆ ಎಲ್ಲರೂ ಅದಕ್ಕೆ ಹೊರಗಿನವರಾಗಿ ಬಂದು ಒಳಹೊಕ್ಕವರೇ. ಆದ್ದರಿಂದ, ತಿಳಿಯದಿರುವುದು ಅಲ್ಲಿ ಯಾರಿಗೂ ಅವಮಾನವಾಗಿರಲಿಲ್ಲ. ಕನ್ನಡ ಶಾಲೆಯ ಸಂಗತಿ ಹೀಗಲ್ಲ. ಅಲ್ಲಿ ಉಪಾಧ್ಯಾಯನು ತನ್ನ ಸ್ವಂತ ಮನೆಯಲ್ಲಿ ಕುಳಿತಿರುತ್ತಾನೆ. ತೆಲುಗಿನ ಮಗು ಹೊಸ್ತಿಲ ಹೊರಗೆ ನಿಂತಿರುತ್ತದೆ. ಮನೆಯ ಯಜಮಾನನಿಗೆ ಹೊಸ್ತಿಲಿನ ಎತ್ತರ ತಿಳಿಯುವುದಿಲ್ಲ.

1984ರಲ್ಲಿ ನನಗೆ ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿಗೆ ನೇಮಕವಾಯಿತು. ಆ ತಾಲ್ಲೂಕು ಆಗ ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ನನಗೆ ಇಪ್ಪತ್ತೈದು ವರುಷ ಪ್ರಾಯ. ವ್ಯಾಕರಣವನ್ನು ಓದಿದ್ದೇನೆಂಬ ಹಮ್ಮು ಸಾಕಷ್ಟು ಇತ್ತು. ಶುದ್ಧವಾದ ಉಚ್ಚಾರಣೆಯೇ ವಿದ್ಯೆಯ ಮೊದಲ ಮೆಟ್ಟಿಲೆಂದು ನಂಬಿದ್ದೆನು. ಮಕ್ಕಳು ‘ಹಾಲು’ ಎನ್ನುವುದಕ್ಕೆ ‘ಪಾಲು’ ಎಂದರೆ ತಿದ್ದುತ್ತಿದ್ದೆ. ‘ಹುಲಿ’ಗೆ ‘ಪುಲಿ’ ಎಂದರೆ ನಿಲ್ಲಿಸಿ ಹತ್ತು ಸಲ ಹೇಳಿಸುತ್ತಿದ್ದೆ. ಲೆಕ್ಕದಲ್ಲಿ ‘ಮೂರು’ ಎನ್ನಬೇಕಾದ ಕಡೆ ‘ಮೂಡು’ ಎಂದರೆ, ಲೆಕ್ಕ ಸರಿಯಾಗಿದ್ದರೂ ಉತ್ತರ ತಪ್ಪೆನ್ನುತ್ತಿದ್ದೆ. ಪಂಪನ ಕಾಲದ ಕನ್ನಡವೂ ‘ಪಾಲ್’, ‘ಪುಲಿ’, ‘ಪೂ’ ಎಂದೇ ಹೇಳುತ್ತಿತ್ತೆಂಬುದು, ಆ ಪಕಾರವು ಹಕಾರವಾದದ್ದು ಅನಂತರದ ಶತಮಾನಗಳಲ್ಲಿ ಎಂಬುದು ನನಗೆ ತಿಳಿಯದ ಸಂಗತಿಯಾಗಿರಲಿಲ್ಲ. ಹಳಗನ್ನಡ ಓದುವಾಗ ಅದನ್ನು ಆಸ್ವಾದಿಸುತ್ತಿದ್ದೆನು. ಆ ಮಾತೇ ಎಂಟು ವರುಷದ ಮಗುವಿನ ಬಾಯಿಂದ ಬಂದಾಗ ಮಾತ್ರ ಅದು ನನಗೆ ದೋಷವಾಗಿ ಕೇಳಿಸಿತು. ಪುಸ್ತಕದಲ್ಲಿದ್ದರೆ ಪ್ರಾಚೀನ, ಹಳ್ಳಿಯಲ್ಲಿದ್ದರೆ ಅಶುದ್ಧ! ಒಂದು ದಿನ ಒಬ್ಬ ಹುಡುಗನಿಗೆ ಸೀಮೆಸುಣ್ಣ ಕೊಡಹೋದಾಗ ಅವನು ‘ವದ್ದು ಸಾರ್’ ಎಂದನು. ಅದು ತೆಲುಗಿನಲ್ಲಿ ‘ಬೇಡ’ ಎಂಬರ್ಥದ ಮಾತು. ನಾನು ‘ಯಾರು ಒದ್ದರು?’ ಎಂದು ಅವನ ಪಕ್ಕದವನನ್ನು ವಿಚಾರಣೆಗೆ ನಿಲ್ಲಿಸಿದೆನು. ಇದನ್ನು ಹೇಳಿ ಮುಂದೆ ಬಹಳ ಕಾಲ ಸ್ನೇಹಿತರನ್ನು ನಗಿಸಿದ್ದೇನೆ.

ನಗಲಾಗದ ಸಂಗತಿ ಇನ್ನೊಂದಿದೆ. ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಶಾಲೆ ತೆರೆದು ಮೂರು ತಿಂಗಳಾದರೂ ಅವಳು ನನ್ನ ಮುಂದೆ ಬಾಯಿ ಬಿಟ್ಟವಳಲ್ಲ. ಕೇಳಿದ್ದಕ್ಕೆ ತಲೆ ತಗ್ಗಿಸಿ ನಿಲ್ಲುವಳು. ಹಲಗೆಯನ್ನು ಎದೆಗೆ ಅವಚಿಕೊಳ್ಳುವಳು. ನಾನು ಅವಳ ಹೆಸರಿನ ಮುಂದೆ ‘ಮಂದಬುದ್ಧಿ’ ಎಂದು ಬರೆದುಕೊಂಡೆನು. ಮನೆಯವರಿಗೆ ತಿಳಿಸೋಣವೆಂದು ಒಂದು ಸಂಜೆ, ‘ನಾಳೆ ನಿನ್ನ ಅವ್ವನನ್ನು ಕರೆದುಕೊಂಡು ಬಾ’ ಎಂದೆನು. ನನ್ನ ಮನೆಯಲ್ಲಿ ನಾವು ಅಮ್ಮ ಎನ್ನುವವರೇ. ಹಳ್ಳಿಯ ಮಗುವಿಗೆ ಗ್ರಾಮ್ಯರ ಮಾತಿನಲ್ಲಿ ಹೇಳಿದರೆ ತಿಳಿಯುವುದೆಂದು ‘ಅವ್ವ’ ಎಂದೆ. ಮರುದಿನ ಅವಳು ಕಣ್ಣು ಮಂಜಾದ ಒಬ್ಬ ಮುದುಕಿಯ ಕೈಹಿಡಿದು ನಡೆಸಿಕೊಂಡು ಬಂದಳು. ಮನೆಯಿದ್ದದ್ದು ಊರಾಚೆ, ಎರಡು ಮೈಲಿಯ ದಾರಿ, ಬಿಸಿಲು. ಹೇಳಿದ್ದೊಂದು ಮಾಡಿದ್ದೊಂದು ಎಂದು ನಾನು ಮಗುವನ್ನು ಆ ಮುದುಕಿಯ ಎದುರಿಗೇ ಗದರಿದೆನು. ಕೈಮೇಲೆ ಒಂದು ಏಟನ್ನೂ ಕೊಟ್ಟೆನು. ಮುದುಕಿ ನನ್ನ ಕಡೆಗೆ ಮುಖ ತಿರುಗಿಸಿ ಏನೋ ಹೇಳಿದಳು; ಮತ್ತೆ ಮತ್ತೆ ಅದನ್ನೇ ಹೇಳಿದಳು. ನನಗೆ ತಿಳಿಯಲಿಲ್ಲ. ಸದ್ದು ಮಾತ್ರ ಕಿವಿಯಲ್ಲಿ ಉಳಿಯಿತು: ‘ಇಂಟ್ಲೋ ಅನ್ನೀ ಚೆಪ್ತಾದಿ ಸಾಮಿ.’

ಒಂದು ವರುಷ ಅಲ್ಲಿದ್ದ ಮೇಲೆ, ಕಲಿಯಬೇಕೆಂಬ ಸಂಕಲ್ಪವಿಲ್ಲದೆಯೇ ತೆಲುಗು ಕಿವಿಗೆ ಅಂಟಿಕೊಳ್ಳತೊಡಗಿತು. ಬಾಗೇಪಲ್ಲಿಯ ಬಸ್ಸು ನಿಲ್ದಾಣದಲ್ಲಿ ಒಬ್ಬಾಕೆ ತನ್ನ ಮಗುವಿಗೆ ಅಜ್ಜಿಯನ್ನು ತೋರಿಸಿ ‘ಅವ್ವ ದಗ್ಗರಕಿ ಪೋ’ ಎಂದಳು. ಅಜ್ಜಿಯ ಹತ್ತಿರ ಹೋಗು ಎಂದು. ನಾನು ನಿಂತಲ್ಲಿಯೇ ನಿಂತೆನು. ಆ ಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ತಾಯಿಯಲ್ಲ, ಅಜ್ಜಿ. ಮಗು ನಾನು ಹೇಳಿದ್ದನ್ನು ಅಕ್ಷರಶಃ ನಡೆಸಿತ್ತು. ಆಮೇಲೆ ಮುದುಕಿಯ ಮಾತೂ ತಾನಾಗಿ ಬಿಚ್ಚಿಕೊಂಡಿತು: ‘ಮನೆಯಲ್ಲಿ ಎಲ್ಲವನ್ನೂ ಹೇಳುತ್ತಾಳೆ, ಸ್ವಾಮಿ.’ ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಆ ಮಗು ಮನೆಯಲ್ಲಿ ಅಜ್ಜಿಗೆ ಒಪ್ಪಿಸುತ್ತಿತ್ತು! ಮಂದಬುದ್ಧಿಯಾಗಿದ್ದವರು ಯಾರು ಎಂಬುದನ್ನು ಹೇಳಬೇಕಾಗಿಲ್ಲ. ಅಷ್ಟರಲ್ಲಿ ಆ ಹುಡುಗಿ ಶಾಲೆ ಬಿಟ್ಟು ಏಳೆಂಟು ತಿಂಗಳಾಗಿತ್ತು. ಮನೆಯನ್ನು ಹುಡುಕಿಕೊಂಡು ಹೋದೆನು; ಬೀಗ ಹಾಕಿತ್ತು. ಕೂಲಿಗಾಗಿ ಹಿಂದೂಪುರದ ಕಡೆಗೆ ಹೋದರೆಂದು ನೆರೆಯವರು ಹೇಳಿದರು. ಮುಂದೆ ನಾನು ಅವಳನ್ನು ಕಾಣಲಿಲ್ಲ.

ಪಾಠಶಾಲೆಯಲ್ಲಿ ನಾನು ವಾಕ್ಯಪದೀಯದ ಬ್ರಹ್ಮಕಾಂಡವನ್ನು ಓದಿದ್ದೆ. ಅದರಲ್ಲಿ ಭರ್ತೃಹರಿಯು ಅಪಭ್ರಂಶ ಶಬ್ದಗಳು ಅರ್ಥವನ್ನು ಹೇಗೆ ತಿಳಿಸುತ್ತವೆಂಬ ವಿಚಾರವನ್ನು ಎತ್ತಿಕೊಳ್ಳುತ್ತಾನೆ. ಮಾತು ಕಲಿಯುತ್ತಿರುವ ಕೂಸು ಅಸ್ಪಷ್ಟವಾಗಿ ತಾಯಿಯನ್ನು ಕರೆಯುವ ದೃಷ್ಟಾಂತವನ್ನು ಕೊಡುತ್ತಾನೆ: ಬಲ್ಲವರು ಆ ಅಸ್ಪಷ್ಟದಿಂದಲೇ ಸ್ಪಷ್ಟವಾದ ಮಾತನ್ನು ಗ್ರಹಿಸುತ್ತಾರೆ. ಇಲ್ಲಿ ಭಾರ ಬೀಳುವುದು ಯಾರ ಮೇಲೆ? ಕೂಸಿನ ಮೇಲಲ್ಲ, ಕೇಳುವವನ ಮೇಲೆ. ಇಷ್ಟಕ್ಕೇ ಬಿಡದೆ ಅವನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ಯಾವ ಜನರಲ್ಲಿ ಪರಂಪರೆಯಿಂದ ಅಪಭ್ರಂಶವೇ ರೂಢಿಗೆ ಬಂದಿದೆಯೋ, ಅವರ ಮಟ್ಟಿಗೆ ಸಾಧುಶಬ್ದವೇ ಅರ್ಥವನ್ನು ಹೇಳಲಾರದು ಎಂಬುದು ಅದರ ತಾತ್ಪರ್ಯ. ಈ ಕಾರಿಕೆಗಳನ್ನು ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸಿ ಒಳ್ಳೆಯ ಅಂಕಗಳನ್ನು ಪಡೆದಿದ್ದೆನು. ಅವು ನನ್ನ ಎರಡನೆಯ ತರಗತಿಗೆ ಸಂಬಂಧಪಟ್ಟವೆಂದು ನನಗೆ ಹೊಳೆಯಲಿಲ್ಲ. ತೆಲುಗು ಕನ್ನಡದ ಅಪಭ್ರಂಶವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎರಡೂ ಒಂದೇ ವಂಶದವು, ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಅಕ್ಷರಗಳುಳ್ಳವು. ಅಪಭ್ರಂಶಕ್ಕೇ ಇಷ್ಟು ಮರ್ಯಾದೆಯನ್ನು ಕೊಟ್ಟ ಶಾಸ್ತ್ರವನ್ನು ಓದಿದವನು, ಒಂದು ಸಂಪನ್ನವಾದ ಭಾಷೆಗೆ ಅಷ್ಟನ್ನೂ ಕೊಡಲಿಲ್ಲವೆಂಬುದು ಇಲ್ಲಿಯ ವಿಷಯ.

ಈಗ ತರುಣ ಮಿತ್ರರ ಪ್ರಶ್ನೆಗೆ ಬರೋಣ. ಮಗುವಿನ ಮಾತನ್ನು ಕಲಿಯುವುದು ಔದಾರ್ಯವೋ, ಕರ್ತವ್ಯವೋ? ಮೀಮಾಂಸಕರು ಕರ್ಮಗಳನ್ನು ವಿಂಗಡಿಸಿರುವ ಕ್ರಮ ಇಲ್ಲಿ ನನಗೆ ಸಹಾಯಕವಾಗಿ ತೋರುತ್ತದೆ. ಫಲದ ಆಸೆಯುಳ್ಳವನು ಮಾಡುವುದು ಕಾಮ್ಯ, ಬಿಟ್ಟರೆ ದೋಷವಿಲ್ಲ. ಪ್ರತಿದಿನವೂ ಮಾಡಲೇಬೇಕಾದದ್ದು ನಿತ್ಯ. ಇವೆರಡೂ ಅಲ್ಲದೆ ನೈಮಿತ್ತಿಕವೆಂಬುದೊಂದಿದೆ: ನಿಮಿತ್ತ ಒದಗಿದಾಗ ಮಾಡಬೇಕಾದದ್ದು, ಗ್ರಹಣಸ್ನಾನದಂತೆ. ಗ್ರಹಣ ಬರಲೆಂದು ಯಾರೂ ಬಯಸಿದ್ದಿಲ್ಲ. ಬಂದ ಮೇಲೆ ‘ನಾನು ಕರೆದಿರಲಿಲ್ಲ’ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಮಿತ್ರರು ಮಗುವಿನ ಭಾಷೆಯನ್ನು ಕಲಿಯುವುದನ್ನು ಕಾಮ್ಯವೆಂದು ಭಾವಿಸಿದ್ದಾರೆ. ನಾನು ಅದನ್ನು ನೈಮಿತ್ತಿಕವೆನ್ನುತ್ತೇನೆ. ಕೇವಲ ಕನ್ನಡವೇ ಇರುವ ಊರಿನಲ್ಲಿ ಉಪಾಧ್ಯಾಯನಿಗೆ ಈ ಹೊಣೆಯಿಲ್ಲ. ತಿಳಿಯದ ಒಂದು ಮಗು ಎದುರಿಗೆ ಬಂದು ಕುಳಿತ ಕ್ಷಣದಲ್ಲಿ ನಿಮಿತ್ತ ಉಂಟಾಯಿತು. ಆಮೇಲೆ ಸುಮ್ಮನಿರುವುದು ತಟಸ್ಥತೆಯಲ್ಲ, ಪ್ರತ್ಯವಾಯ. ಎಂಟು ವರುಷದ ಮಗು, ಇಪ್ಪತ್ತೈದು ವರುಷದ ಪಂಡಿತ, ಇವರಲ್ಲಿ ಮೊದಲ ಹೆಜ್ಜೆಯನ್ನು ಶಕ್ತನಾದವನೇ ಇಡಬೇಕೆಂಬುದು ನ್ಯಾಯವಲ್ಲವೇ?

ಕಾನೂನೂ ಈ ಕಡೆಗೇ ವಾಲಿದೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲವನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆ ಐದನೆಯ ತರಗತಿಯವರೆಗಾದರೂ ಮನೆಮಾತನ್ನು ಬಳಸಬೇಕೆಂದಿದೆ. ಆದರೆ ಬಾಗೇಪಲ್ಲಿಯ ನನ್ನ ಹಳ್ಳಿಯವರು ತೆಲುಗು ಶಾಲೆಯನ್ನು ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕನ್ನಡವೇ. ತಾಲ್ಲೂಕು ಕಚೇರಿಯ ಅರ್ಜಿ ಕನ್ನಡ, ಪಹಣಿ ಕನ್ನಡ, ನೌಕರಿಯ ಪರೀಕ್ಷೆ ಕನ್ನಡ. ‘ಮನೆಯಲ್ಲಿ ತೆಲುಗು ನಾವು ಕಲಿಸಿದ್ದೇವೆ, ನೀವು ಕನ್ನಡ ಕಲಿಸಿ’ ಎಂದು ಒಬ್ಬ ರೈತರು ನನಗೆ ಕಡ್ಡಿ ಮುರಿದಂತೆ ಹೇಳಿದರು. ಅವರ ಮಾತು ಸರಿ. ಕಾನೂನು ಶಾಲೆಗೆ ಹಲಗೆ ಹಾಕಬಲ್ಲುದು. ಒಳಗಿನ ಉಪಾಧ್ಯಾಯನ ಕಿವಿಯನ್ನು ತೆರೆಯಲಾರದು.

ನಾನು ಅನಂತರ ಮಾಡಿದ್ದು ಬಹಳ ಸಣ್ಣ ಕೆಲಸ. ಒಂದು ನೋಟುಪುಸ್ತಕವನ್ನು ಇಟ್ಟುಕೊಂಡೆನು. ದಿನಕ್ಕೆ ಐದಾರು ತೆಲುಗು ಮಾತುಗಳನ್ನು ಮಕ್ಕಳಿಂದಲೇ ಕೇಳಿ ಬರೆದುಕೊಂಡೆನು. ನನ್ನ ಉಚ್ಚಾರಣೆಯನ್ನು ಅವರು ತಿದ್ದುತ್ತಿದ್ದರು, ನಗುತ್ತಿದ್ದರು. ಈ ನಗುವಿಗೆ ಒಂದು ಗುಣವಿದೆ: ತಪ್ಪು ಮಾತನಾಡಿದರೆ ಪ್ರಾಣ ಹೋಗುವುದಿಲ್ಲವೆಂಬುದನ್ನು ಮೇಷ್ಟರೇ ಮಾಡಿ ತೋರಿಸಿದಂತಾಯಿತು. ಗೋಡೆಯ ಮೇಲೆ ‘ಹಾಲು – ಪಾಲು, ಹುಲಿ – ಪುಲಿ, ಹೂವು – ಪುವ್ವು, ಹಾವು – ಪಾಮು’ ಎಂದು ಜೋಡಿಯಾಗಿ ಬರೆಸಿದೆನು. ಸ್ವಲ್ಪ ದಿನದಲ್ಲಿ ಮಕ್ಕಳೇ ಸೂತ್ರವನ್ನು ಕಂಡುಹಿಡಿದರು; ‘ಸಾರ್, ನಮ್ಮ ಪ ನಿಮ್ಮ ಹ’ ಎಂದು ಒಬ್ಬ ಹುಡುಗ ಕೂಗಿದನು. ಪಾಣಿನಿ ಕೇಳಿದ್ದರೆ ಸಂತೋಷಪಡುತ್ತಿದ್ದನು. ಕಥೆಯನ್ನು ಮೊದಲು ತೆಲುಗಿನಲ್ಲಿ ಹೇಳಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಲಿ ಎಂದು ಬಿಟ್ಟೆನು. ಎರಡು ಭಾಷೆಗಳಲ್ಲಿಯೂ ವಾಕ್ಯದಲ್ಲಿ ಪದಗಳು ನಿಲ್ಲುವ ಕ್ರಮ ಹೆಚ್ಚು ಕಡಿಮೆ ಒಂದೇ ಆದುದರಿಂದ, ಪದಗಳು ಬದಲಾದರೂ ದಾರಿ ತಪ್ಪುತ್ತಿರಲಿಲ್ಲ.

ಮಕ್ಕಳ ಮಾತಿನಲ್ಲಿ ಪಾಠ ಹೇಳಿದರೆ ಅವರು ಎಂದಿಗೂ ಕನ್ನಡ ಕಲಿಯರೆಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಇದಕ್ಕಾಗಿ ಬಹಳ ಟೀಕಿಸಿದರು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ತೆಲುಗು ಚೆನ್ನಾಗಿ ಬಂದ ಮೇಲೆ ಅದರಲ್ಲಿ ಹರಟುವ ಸುಖಕ್ಕೆ ನಾನು ಒಳಗಾದೆನು. ಒಂದು ವರುಷದ ತಂಡ ನಾಲ್ಕನೆಯ ತರಗತಿಯನ್ನು ಮುಗಿಸಿ ಹೋಗುವಾಗ ಕನ್ನಡದಲ್ಲಿ ನಾಲ್ಕು ವಾಕ್ಯವನ್ನು ನೆಟ್ಟಗೆ ಬರೆಯಲಾರದೆ ಹೋಯಿತು. ಅವರ ತಂದೆತಾಯಿಗಳಿಗೆ ನಾನು ಮಾಡಿದ ಅನ್ಯಾಯ ಅದು. ಮೊದಲಿನದಕ್ಕಿಂತ ಸಿಹಿಯಾಗಿದ್ದರೂ ಅನ್ಯಾಯವೇ. ದೋಣಿ ದಡ ಮುಟ್ಟಿಸುವುದಕ್ಕೆ. ಅದರಲ್ಲಿಯೇ ಬಿಡಾರ ಮಾಡಿಕೊಳ್ಳುವುದಕ್ಕಲ್ಲ. ಇಷ್ಟನ್ನು ಒಪ್ಪಿಕೊಂಡು ಹೇಳುತ್ತೇನೆ: ದೋಣಿಯೇ ಇಲ್ಲದೆ ನೀರಿಗೆ ತಳ್ಳಿ ಈಜು ಕಲಿಸುವೆನೆನ್ನುವವನು, ಮುಳುಗಿದವರ ಲೆಕ್ಕವನ್ನು ಎಂದೂ ಇಡುವುದಿಲ್ಲ. ಅವರು ಶಾಲೆ ಬಿಟ್ಟವರ ಪಟ್ಟಿಗೆ ಸೇರುತ್ತಾರೆ. ಅಲ್ಲಿ ಕಾರಣದ ಅಂಕಣದಲ್ಲಿ ‘ಬಡತನ’ ಎಂದು ಬರೆಯಲಾಗುತ್ತದೆ.

ಇನ್ನು ಕನ್ನಡಾಭಿಮಾನದ ಮಾತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ತಾಯಿನುಡಿಯೆಂದು ಹೇಳಿಕೊಂಡವರು ನೂರಕ್ಕೆ ಸುಮಾರು 66 ಮಂದಿ. ಉಳಿದವರನ್ನು ಕನ್ನಡಕ್ಕೆ ಕರೆತರುವುದು ಕನ್ನಡದ ಕೆಲಸವೇ ಸರಿ. ಆದರೆ ಕರೆತರುವುದು ಬೇರೆ, ಎಳೆದುತರುವುದು ಬೇರೆ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಮೂರನ್ನು ತಂದವರ ಮನೆಮಾತು ಕನ್ನಡವಲ್ಲ: 1973ರಲ್ಲಿ ಬೇಂದ್ರೆಯವರು, ಮನೆಯಲ್ಲಿ ಮರಾಠಿ, 1983ರಲ್ಲಿ ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರು, ಮನೆಯಲ್ಲಿ ತಮಿಳು, 1998ರಲ್ಲಿ ಕಾರ್ನಾಡರು, ಮನೆಯಲ್ಲಿ ಕೊಂಕಣಿ. ಇದನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳುವಾಗ ಒಂದನ್ನು ಮರೆಯುತ್ತೇವೆ. ಅವರೆಲ್ಲ ಓದುಬರಹವಿದ್ದ ಮನೆಗಳಿಂದ ಬಂದವರು. ಕೂಲಿಯವನ ಮಗಳಿಗೆ ಎರಡನೆಯ ಭಾಷೆಯ ಬಾಗಿಲು ಶಾಲೆಯೊಂದೇ, ಅಲ್ಲಿರುವ ಮೇಷ್ಟರೊಬ್ಬರೇ.

ಮುಂದಿನ ವರ್ಗಾವಣೆಗಳ ಕಥೆಯನ್ನು ಬೆಳೆಸುವುದಿಲ್ಲ. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಕೆಲವು ವರುಷ ಇದ್ದೆನು. ಅಲ್ಲಿಯ ಮಕ್ಕಳ ಮನೆಮಾತು ತಮಿಳು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ; ಆದ್ದರಿಂದ ‘ಗಾಳಿ’ಯನ್ನು ‘ಕಾಳಿ’ ಎಂದು ಬರೆಯುತ್ತಿದ್ದರು. ಬಾಗೇಪಲ್ಲಿಯಲ್ಲಿ ಕಲಿತ ಪಾಠದಿಂದಾಗಿ ನಾನು ಅದನ್ನು ಸೋಮಾರಿತನವೆನ್ನಲಿಲ್ಲ. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿತು. ತಂದೆಯಂದಿರು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಅದುವರೆಗೆ ಕನ್ನಡವನ್ನು ಲಘುವಾಗಿ ಕಾಣುತ್ತಿದ್ದ ಮನೆಗಳಲ್ಲಿಯೂ ಅದರ ಬೆಲೆ ಏರಿತು. ಮಕ್ಕಳೇ ಬಂದು ‘ಅಪ್ಪನಿಗೆ ಒಂದು ಅರ್ಜಿ ಬರೆದುಕೊಡಿ’ ಎಂದು ಕೇಳುವರು. ನಾನು ಬರೆದುಕೊಡದೆ ಅವರಿಂದಲೇ ಬರೆಸುತ್ತಿದ್ದೆನು.

ನಿವೃತ್ತಿಗೆ ಮುನ್ನ ಮಾಲೂರು ತಾಲ್ಲೂಕಿಗೆ ಬಂದೆನು. ಅಲ್ಲಿ ಇಟ್ಟಿಗೆಯ ಗೂಡುಗಳಲ್ಲಿ ದುಡಿಯಲು ಬಂದವರ ಮಕ್ಕಳಲ್ಲಿ ಒಡಿಯಾ ಮಾತನಾಡುವ ಮೂರು ನಾಲ್ಕು ಮಂದಿ ನನ್ನ ತರಗತಿಗೆ ಸೇರಿದರು. ಅವರು ಎಲೆಗೆ ‘ಪತ್ರ’ ಎಂದಾಗ ನನ್ನ ಸಂಸ್ಕೃತ ಒಂದು ಕ್ಷಣ ಉಪಯೋಗಕ್ಕೆ ಬಂತು, ಮುಂದೆ ಬರಲಿಲ್ಲ. ಐವತ್ತೆಂಟರ ಕಿವಿ ಇಪ್ಪತ್ತೈದರ ಕಿವಿಯಲ್ಲ. ಒಂದೇ ಕೋಣೆಯಲ್ಲಿ ಕನ್ನಡ, ತೆಲುಗು, ಉರ್ದು, ಒಡಿಯಾ. ಉಪಾಧ್ಯಾಯನಾದರೋ ಸಾವಿರ ನಾಲಗೆಯ ಆದಿಶೇಷನಲ್ಲ. ಹತ್ತಿಪ್ಪತ್ತು ಮಾತುಗಳನ್ನು ಕಲಿತೆನು: ನೀರು, ಹಸಿವು, ಬಾ, ಕೂಡು, ಹೆದರಬೇಡ. ಅಷ್ಟರಿಂದ ಲೆಕ್ಕ ಕಲಿಸಲಾಗಲಿಲ್ಲ. ಕೆಲಸದ ಕಾಲ ಮುಗಿದೊಡನೆ ಅವರ ಸಂಸಾರಗಳು ಹೊರಟುಹೋದವು. ಆ ಮಕ್ಕಳ ವಿಷಯದಲ್ಲಿ ನನ್ನ ನೈಮಿತ್ತಿಕವು ನೆರವೇರಿತೆಂದು ನಾನು ಹೇಳಿಕೊಳ್ಳಲಾರೆ. ಒಬ್ಬನಿಂದ ಆಗದ ಕೆಲಸವಿದು. ಆ ಭಾಷೆಯನ್ನು ಬಲ್ಲ ಒಬ್ಬ ದೊಡ್ಡ ಹುಡುಗಿಯನ್ನಾದರೂ ಸಹಾಯಕ್ಕೆ ಕೂರಿಸಿಕೊಳ್ಳಲು ಶಾಲೆಗೆ ಅನುಕೂಲವಿರಬೇಕು. ಆದರೆ ಹೀಗೆ ಹೇಳುವ ಹಕ್ಕು, ಆ ಹತ್ತಿಪ್ಪತ್ತು ಮಾತುಗಳನ್ನು ಕಲಿತವನಿಗೆ ಮಾತ್ರ ಉಂಟೆಂದು ನನ್ನ ಅಭಿಪ್ರಾಯ.

ತರುಣ ಮಿತ್ರರು ಮೊನ್ನೆ ಮತ್ತೆ ಬಂದಿದ್ದರು. ಇಷ್ಟನ್ನೆಲ್ಲ ಅವರಿಗೆ ಹೇಳುವ ವ್ಯವಧಾನ ಇರಲಿಲ್ಲ; ಅವರು ಬಸ್ಸಿಗೆ ಹೋಗಬೇಕಾಗಿತ್ತು. ಅವ್ವನ ಸಂಗತಿಯೊಂದನ್ನು ಮಾತ್ರ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೆಲುಗು ಕಲಿಯಲು ಎಷ್ಟು ದಿನ ಬೇಕಾದೀತೆಂದು ಕೇಳಿದರು. ನನ್ನ ಹಳೆಯ ನೋಟುಪುಸ್ತಕವನ್ನು ಕೊಟ್ಟು ಕಳುಹಿಸಿದ್ದೇನೆ. ತೆಲುಗಿನ ಪುಟಗಳು ನಂಬಿಕೆಗೆ ಅರ್ಹ. ತಮಿಳಿನ ಪುಟಗಳಲ್ಲಿ ತಪ್ಪುಗಳಿವೆ, ತಿದ್ದಿಕೊಳ್ಳಬೇಕೆಂದು ಹೇಳಿದ್ದೇನೆ.